ಹಸಿ ಶಾವಿಗೆಯ ಮಧ್ಯಾಹ್ನ

ಸಿಮೆಂಟ್ ತುಂಬುವ ಉಕ್ಕಿನ ಕಣಜ ಸೈಲೋದ ನೆತ್ತಿಯ ಮೇಲಿದ್ದ ಬಟ್ಟೆಯ ಚೀಲಗಳು ಹರಿದವು. ಕಾಂಕ್ರೀಟ್ ಕಂಪನಿ ಅವನ್ನು ಬಿಚ್ಚಿಸಿತು, ಹೊಸವನ್ನು ಕಟ್ಟಿಸಲಿಲ್ಲ. ಆಗಿನಿಂದ ಗೋಡೆಯಾಚೆಯ ಚಾಳಿನ ಒತ್ತೊತ್ತು ಮನೆಗಳ ಜನ ಸಿಮೆಂಟ್ ಉಸಿರಾಡುತ್ತಿದ್ದಾರೆ.

ಟ್ಯಾಂಕರ್ ಬಂದು ನಿಂತರೆ ಅದರ ಹೊಟ್ಟೆಯೊಳಕ್ಕೆ ಗಾಳಿ ಒತ್ತುತ್ತಾರೆ. ಪುಡಿ ನೀರಿನಂತೆ ಸಡಿಲಾಗಿ ಪೈಪಿನೊಳಗೆ ಸುಯ್ಯೆಂದು ಹತ್ತಿ ಸೈಲೋದ ಒಳಗೆ ಬೀಳುತ್ತದೆ. ಸಿಮೆಂಟ್ ಒಳಗುಳಿಯಬೇಕು, ಗಾಳಿಯಷ್ಟೇ ಹೊರಗೆ ಹೋಗಬೇಕು. ಚೀಲಗಳಿದ್ದದ್ದು ಅದಕ್ಕೆ. ಈಗ ಎರಡೂ ಹೋಗುತ್ತವೆ.

ಆ ಪೈಪಿನ ಆಪರೇಟರ್ ನಿಜಾಮುದ್ದೀನ. ಬೇರೆ ಮಾಲು ತಪ್ಪಿ ಸೈಲೋಕ್ಕೆ ಹೋಗದಿರಲೆಂದು ಪೈಪಿನ ಬಾಯಿಗೆ ಬೀಗ ಹಾಕಿರುತ್ತದೆ. ಕೀಲಿ ಅವನ ಕಿಸೆಯಲ್ಲಿ. ಮನೆಯೂ ಮುಂಬಯಿ ಆಂಟಾಪ್ ಹಿಲ್‌ನ ಅದೇ ಚಾಳಿನಲ್ಲಿ. ಹೀಗಾಗಿ ಅವನೇ ಒಂದು ರೂಢಿ ಹಾಕಿದ್ದ: ಗಾಳಿ ಬಿಡುವ ಮೊದಲು ನಟ್ಟು ಬಿಗಿಯುವ ಪಾನಾದಿಂದ ಪೈಪನ್ನು ಢಣಢಣ ಬಡಿಯುವುದು. ಸದ್ದು ಕೇಳಿದ್ದೇ ಹೆಂಗಸರು ಬಟ್ಟೆ ಎಳೆದುಕೊಂಡು, ನೀರಿನ ಪಿಪಾಯಿ ಮುಚ್ಚಿ, ಕಿಟಕಿ ಹಾಕಿಕೊಳ್ಳುತ್ತಿದ್ದರು. "ಎಷ್ಟ್ ಛಲೋ ಮನಶ್ಯಾ" ಎಂದು ಅವನನ್ನು ಹೊಗಳುತ್ತಿದ್ದರು. ಕಂಪನಿಗೂ ಈ ಒಳ್ಳೆಯತನ ಅನುಕೂಲವಾಗಿತ್ತು: ಚೀಲ ಕಟ್ಟಿಸಿ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ದಿನ ಚಾಳಿನ ತಾರಸಿಯ ಮೇಲೆ ಸಡಗರ. ಕಸ್ತೂರಿಬಾಯಿಯ ಮಗಳು ನಾಗರತ್ನಾಳ ಮದುವೆಗೆ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಮಾಡುತ್ತಿದ್ದರು. ನಿಜಾಮುದ್ದೀನನ ಹೆಂಡತಿ ನೂರಜಹಾನ ಮಷಿನ್ ತಿರುವುತ್ತಿದ್ದಳು. ಹಸಿ ಎಳೆಗಳು ಕೋಲುಗಳ ಮೇಲೆ ಸಾಲಾಗಿ ಜೋತಾಡುತ್ತಿದ್ದವು.

ಕಸ್ತೂರಿಬಾಯಿ ಮೇಲಿನಿಂದ ಕಂಪನಿಯ ಅಂಗಳದತ್ತ ಬಗ್ಗಿದಳು. "ನಿಜಾಮಣ್ಣಾ, ನಿನ್ನ ಪೈಪಿಗೆ ಇವತ್ತ ಸೂಟಿ ಕೊಡೋ!"

"ಮುಂಜಾನಿ ಗಾಡಿ ಖಾಲಿ ಮಾಡೀನವಾ. ಇನ್ನ ನಾಳಿಗೇ. ಪಾಯಸಕ್ಕ ಕರೀತಿ ಇಲ್ಲ?"

"ಕರೀದಿದ್ರ ಬಿಡಾಂವೇನ ನೀ?"

"ಡಾಕ್ಟರ್ ಸಕ್ಕರಿ ಬಿಡು ಅಂದಾರ ಅಕ್ಕಾ," ಎಂದಳು ನೂರಜಹಾನ. "ಇವ್ರು ಡಾಕ್ಟರನ್ನ ಬಿಟ್ಟಾರ!"

ತಾರಸಿಗೆ ತಾರಸಿಯೇ ನಕ್ಕಿತು. ಅವನೂ ನಗುತ್ತಲೇ ನೆರಳಿಗೆ ಕೂತು ಡಬ್ಬಿ ಬಿಚ್ಚಿದ. ರೊಟ್ಟಿ, ಪುಂಡಿಪಲ್ಯ. ಬಿಸಿಲು ಚುರುಕಾಗಿತ್ತು, ಸಂಜೆಯೊಳಗೆ ಶಾವಿಗೆ ಒಣಗೀತು.

ಆಗ ಗೇಟಿನಲ್ಲಿ ಹಾರ್ನ್. ಇನ್ನೊಂದು ಟ್ಯಾಂಕರ್. ಅದರ ಹಿಂದೆಯೇ ಸೂಪರ್‌ವೈಸರ್ ಚನ್ನಬಸಯ್ಯ ಬಂದ. ವಿಜಯಪುರದ ಕಡೆಯವನು, ನಿಜಾಮುದ್ದೀನನಿಗೆ ಈ ಕೆಲಸ ಕೊಡಿಸಿದವನೂ ಅವನೇ.

"ಏ ನಿಜಾಮ, ಘಾಟ್ಕೋಪರ್ ಸ್ಲ್ಯಾಬ್ ಇವತ್ತೇ ಹಾಕ್ತಾರಂತ. ಮುಂಜಾನಿ ಹಾಕಿದ್ದೂ ತೀರಿ ಸೈಲೋ ತಳಾ ಕಂಡೈತಿ. ಗಾಳಿ ಬಿಡಸು."

"ಅಯ್ಯಾರ, ಮ್ಯಾಲ ಶಾವಗಿ ಹಾಕ್ಯಾರ್ರೀ."

"ಪೈಪ್ ಬಡಿ. ತಕ್ಕೋತಾರ."

"ಹಸಿ ಶಾವಗಿ ಹೆಂಗ ತಕ್ಕೋತಾರ್ರೀ? ಮುಟ್ಟಿದ್ರ ಮುದ್ದಿ ಆಗತೈತಿ. ಅರಿವಿ ಮುಚ್ಚಿದ್ರ ಅಂಟತೈತಿ."

"ಹೊಸಾ ಹಿಟ್ಟ ಕೊಡಸೂಣು ತಗೋ, ಅದೇನ ದೊಡ್ಡ ಮಾತು."

ನಿಜಾಮುದ್ದೀನ ತಾರಸಿ ನೋಡಿದ. ಬಟ್ಟೆ ತೆಗೆಯುತ್ತಾರೆ, ಪಿಪಾಯಿ ಮುಚ್ಚುತ್ತಾರೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದ. ತೆಗೆಯಲಾಗದ್ದು, ಮುಚ್ಚಲಾಗದ್ದು ಆ ಮನೆಗಳಲ್ಲಿ ಶಾವಿಗೆಯೊಂದೇ ಅಲ್ಲ.

"ಹಿಟ್ಟ ಕೊಡಸ್ತೀರಿ," ಎಂದ. "ಮಂದಿ ಎದಿ ಯಾವ ಅಂಗಡ್ಯಾಗ ಕೊಡಸ್ತೀರಿ?"

ಚನ್ನಬಸಯ್ಯನ ಮುಖ ಬಿಗಿಯಿತು. "ನಿನ್ನ ಕೆಲಸಕ್ಕ ಹಚ್ಚಿದಾಂವ ಯಾರು, ನೆನಪೈತಿಲ್ಲ?"

"ಐತ್ರಿ. ನಮಾಜಿನಾಗ ನಿಮಗೂ ದುವಾ ಮಾಡ್ತೀನಿ."

"ದುವಾ ಇರಲಿ, ಕೀಲಿ ತಾ. ನಾನ ತಗೀತೀನಿ. ನಾಳಿಂದ ನೀ ಬರೂದ ಬ್ಯಾಡ."

ಚನ್ನಬಸಯ್ಯ ಕೀಲಿಗೆಂದು ಚಾಚಿದ ಕೈ ಹಾಗೇ ಇತ್ತು. ಜೋಡಿಸಲೆಂದು ರಬ್ಬರ್ ಪೈಪ್ ಹೆಗಲಿಗೇರಿಸಿಕೊಂಡಿದ್ದ ಟ್ಯಾಂಕರ್ ಡ್ರೈವರ್ ಇಬ್ಬರನ್ನೂ ನೋಡಿ, ಅದನ್ನು ಮೆಲ್ಲಗೆ ನೆಲಕ್ಕಿಳಿಸಿದ. ನಿಜಾಮುದ್ದೀನ ರೊಟ್ಟಿ ಮುರಿದು ಅರ್ಧವನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟ.

"ಕೀಲಿ ಕೊಡಂಗಿಲ್ರೀ ಅಯ್ಯಾರ," ಎಂದ. "ಕುಂಡ್ರಿ, ರೊಟ್ಟಿ ತಿನ್ರಿ."