ಪಾನ್ಸ್‌ಫರ್ಡ್ ಸಾಹೇಬರ ಬ್ರೇಕು

ಆ ಕಾರಿನ ಮೈಗೆ ಬಳಿಯುವ ಮೇಣ ಡಬ್ಬಿಗೆ ಅರವತ್ತು ಪೌಂಡು. ಕ್ರೋಮ್ ಉಜ್ಜುವ ಬಟ್ಟೆ ಒಂದಕ್ಕೆ ಎಂಟು, ಅದೂ ಒಮ್ಮೆ ಉಜ್ಜಿ ಎಸೆಯುವುದು. ಸೀಟಿನ ಚರ್ಮಕ್ಕೆ ಹಚ್ಚುವ ಎಣ್ಣೆಗೆ ಮೂವತ್ತೈದು. ಮಾರ್ಚಿನಲ್ಲಿ ಮೆಕ್ಯಾನಿಕ್ ಹಿಲ್ಡಾ ಟ್ರಾಂಟರ್ ಮುಂದಿನ ಬ್ರೇಕುಗಳನ್ನು ಬಿಚ್ಚಿ, ಹೊಸ ಡಿಸ್ಕು ಪ್ಯಾಡು ಹಾಕಿ, ಎರಡು ದಿನ ದುಡಿದು ಕೇಳಿದ್ದು ಇನ್ನೂರ ತೊಂಬತ್ತು. ಕಾರಿನ ಒಡೆಯ ಸೆಡ್ರಿಕ್ ಪಾನ್ಸ್‌ಫರ್ಡ್ ಚೌಕಾಸಿ ಮಾಡಿದ್ದು ಈ ಕೊನೆಯದಕ್ಕೆ ಮಾತ್ರ.

ಜೂನ್ ಹೊತ್ತಿಗೆ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ‘ಟಕ್’ ಎಂದು ಸದ್ದು ಬರತೊಡಗಿತು. ಪಾನ್ಸ್‌ಫರ್ಡ್ ಹಿಲ್ಡಾಳನ್ನು ಒಂದು ಮಾತೂ ಕೇಳಲಿಲ್ಲ. ಹಳೆ ಕಾರುಗಳ ಸಂಘಕ್ಕೆ ನೇರ ಕಾಗದ ಬರೆದ: ಈಕೆಯ ಬ್ರೇಕ್ ಕೆಲಸ ಪ್ರಾಣಕ್ಕೆ ಅಪಾಯ, ಸಂಘ ಒಪ್ಪಿದ ಮೆಕ್ಯಾನಿಕ್‌ಗಳ ಪಟ್ಟಿಯಿಂದ ಹೆಸರು ತೆಗೆಯಿರಿ. ಗುರುವಾರ ಸಭೆ. ಶ್ರಾಪ್‌ಷೈರಿನ ಆ ಪುಟ್ಟ ಊರಲ್ಲಿ ಹಿಲ್ಡಾಳ ಶೆಡ್ಡಿಗೆ ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಆ ಪಟ್ಟಿ ನೋಡಿ ಬರುವವರು. ಹೆಸರು ಹೋದರೆ ಬಾಗಿಲು ಹಾಕಿಕೊಳ್ಳಬೇಕು.

“ಕಾಗದ ಬರೆದಿದ್ದಾಯ್ತಲ್ಲ, ಇನ್ನು ಕಾರನ್ನೂ ಸ್ವಲ್ಪ ತೋರಿಸಿ,” ಎಂದು ಆಕೆ ಫೋನ್ ಮಾಡಿದಳು.

ಮಂಗಳವಾರ ಬೆಳಿಗ್ಗೆ ಬಂದ. ಕಡುಹಸಿರು ಬಣ್ಣದ, ಎರಡೇ ಸೀಟಿನ, ಅರವತ್ತೊಂದನೇ ಇಸವಿಯ ಕಾರು. ಪಕ್ಕದಲ್ಲಿ ಹೆಂಡತಿ ಏವಿಸ್, ತಲೆಗೆ ಸ್ಕಾರ್ಫು ಕಟ್ಟಿಕೊಂಡು.

“ಭಾನುವಾರ ವೇಲ್ಸ್ ಬೆಟ್ಟ ದಾಟಿ ಪ್ರದರ್ಶನಕ್ಕೆ ಹೋಗ್ಬೇಕು,” ಎಂದ ಪಾನ್ಸ್‌ಫರ್ಡ್, ಕೈಗವಸು ಕಳಚದೆ. “ನಿನ್ನ ಬ್ರೇಕ್ ನಂಬ್ಕೊಂಡು ಹೋದ್ರೆ ಕಣಿವೆಯಲ್ಲೇ ಬಹುಮಾನ ತಗೋಬೇಕಾಗುತ್ತೆ.”

“ಮೊದ್ಲು ಚಕ್ರ ಬಿಚ್ಚಕ್ಕೆ ಅಪ್ಪಣೆ ಕೊಡಿ ಸಾಹೇಬ್ರೇ.”

“ಜೋಪಾನ. ಕ್ರೋಮಿಗೆ ಗೀರು ಬೀಳಬಾರ್ದು.”

ಹಿಲ್ಡಾ ಕಾರನ್ನು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿದಳು. ಮುಂದೆ ಹೋಗುತ್ತ ಬ್ರೇಕ್ ಒತ್ತಿದರೆ ಒಂದು ಟಕ್. ಹಿಂದಕ್ಕೆ ಬಂದು ಒತ್ತಿದರೆ ಇನ್ನೊಂದು. ಆಮೇಲೆ ಚಕ್ರ ತೆಗೆದು ಪ್ಯಾಡ್ ಅಲುಗಿಸಿದಳು, ಡಿಸ್ಕು ಸೊಟ್ಟಗಿದೆಯೇ ಎಂದು ತಿರುಗಿಸಿ ಅಳೆದಳು, ಬೋಲ್ಟುಗಳಿಗೆ ಸ್ಪಾನರ್ ಹಾಕಿ ನೋಡಿದಳು. ಮಾರ್ಚಿನಲ್ಲಿ ಬಿಗಿದದ್ದು ಬಿಗಿದ ಹಾಗೇ ಇತ್ತು. ಚಕ್ರ ಮತ್ತೆ ಏರಿಸಿ, ಬಿಚ್ಚುವ ಮುಂಚೆ ಇದ್ದಷ್ಟೇ ಬಿಗಿ ಮಾಡಿದಳು.

“ಏವಿಸ್, ಸ್ಟೀರಿಂಗ್ ಹಿಂದೆ ಕೂತು ಬ್ರೇಕ್ ಮೇಲೆ ಗಟ್ಟಿಯಾಗಿ ಕಾಲಿಡಮ್ಮ. ನಾನು ಹೇಳೋವರ್ಗೂ ಬಿಡ್ಬೇಡ. ಸಾಹೇಬ್ರೇ, ಬನ್ನಿ, ಬಗ್ಗಿ. ಚಕ್ರದ ಕಡ್ಡಿಗಳ ನಡುವೆ ಡಿಸ್ಕು ಕಾಣ್ತಿದ್ಯಾ? ಈಗ ಚಕ್ರ ಹಿಡಿದು ತಿರುಗ್ಸಿ.”

ಜಾಕಿನ ಮೇಲೆ ತೂಗುತ್ತಿದ್ದ ಚಕ್ರವನ್ನು ಪಾನ್ಸ್‌ಫರ್ಡ್ ಎರಡು ಕೈಯಲ್ಲಿ ಹಿಡಿದು ತಿರುಗಿಸಿದ. ಚಕ್ರ ಒಂದು ಬೆರಳಿನಷ್ಟು ಸರಿಯಿತು. ಟಕ್. ಡಿಸ್ಕು ಕದಲಲಿಲ್ಲ.

“ಬ್ರೇಕು ಡಿಸ್ಕನ್ನ ಹಿಡ್ಕೊಂಡೇ ಇದೆ,” ಎಂದಳು ಹಿಲ್ಡಾ. “ಬಿಟ್ಕೊಟ್ಟಿರೋದು ಚಕ್ರ. ಅದು ಕೂರೋ ನಡುಗುಂಬ, ಆ ಹಬ್ಬಿನ ಹಲ್ಲೆಲ್ಲ ಸವೆದು ಹೋಗಿವೆ. ಈ ಕಿವಿ ನಟ್ಟು ಬಿಚ್ಚೋವಾಗ್ಲೇ ಯಾಕಿಷ್ಟು ಸಡಿಲ ಇತ್ತು? ನಾನು ಕೊಟ್ಟಾಗ ಸುತ್ತಿಗೇಲಿ ಬಡ್ದು ಕೊಟ್ಟಿದ್ದೆ.”

ಚಕ್ರದ ನಡುವೆ ಇರುವ ಆ ನಟ್ಟಿಗೆ ಎರಡು ಕ್ರೋಮ್ ಕಿವಿಗಳು. ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಲೆಂದೇ ಇರುವಂಥವು. ಹಿಲ್ಡಾ ಬಲಗಡೆಯಿಂದ ಎಡಗಡೆಗೆ ಸುತ್ತು ಬಂದಳು. ಉಳಿದ ಮೂರು ಚಕ್ರಗಳ ಕಿವಿಗಳೂ ಮಟ್ಟಗೋಲಿಟ್ಟು ನಿಲ್ಲಿಸಿದಂತೆ ನೆಲಕ್ಕೆ ಸಮ.

“ಇವನ್ನ ಹೀಗೆ ಸಾಲಾಗಿ ನಿಲ್ಸಿದ್ದು ಯಾರು?”

ಪಾನ್ಸ್‌ಫರ್ಡನ ಎದೆ ಉಬ್ಬಿತು. “ನಾನೇ. ಹೋದ ವರ್ಷ ತೀರ್ಪುಗಾರ ‘ಕಿವಿಗಳು ಅಡ್ಡಾದಿಡ್ಡಿ’ ಅಂತ ಎರಡು ಅಂಕ ಕಳೆದ. ಏಪ್ರಿಲಲ್ಲಿ ಒಂದೊಂದನ್ನೂ ತುಸು ಹಿಂದಕ್ಕೆ ತಿರುಗ್ಸಿ ಸಮ ಮಾಡ್ದೆ. ಟವಲ್ ಸುತ್ತಿ, ಸುತ್ತಿಗೇಲಿ ಮೆಲ್ಲಗೆ ತಟ್ಟಿ.”

“ಅಂದ್ರೆ ಫೋಟೋಗೆ ಚೆಂದ ಕಾಣ್ಲಿ ಅಂತ ನಾಲ್ಕು ಚಕ್ರಾನೂ ಸಡಿಲ ಮಾಡಿ, ಅವು ಅಲುಗಿ ಅಲುಗಿ ಹಲ್ಲು ಸವೀತಿದ್ರೂ ಹೆಂಡ್ತೀನ ಪಕ್ಕದಲ್ಲಿ ಕೂರಿಸ್ಕೊಂಡು ಎರಡು ತಿಂಗಳು ಊರೆಲ್ಲ ತಿರುಗಿದ್ರಿ.”

“ಎಲ್ಲರೂ ಮಾಡ್ತಾರೆ!”

“ಎಲ್ಲರೂ ಕಾರನ್ನ ಲಾರಿ ಮೇಲೆ ಹೇರ್ಕೊಂಡು ಬರ್ತಾರೆ ಸಾಹೇಬ್ರೇ. ಓಡಿಸೋ ಶೋಕಿ ಇರೋದು ನಿಮಗೊಬ್ರಿಗೇ.”

ಏವಿಸ್ ಬ್ರೇಕಿನಿಂದ ಕಾಲು ತೆಗೆದಿರಲಿಲ್ಲ. “ಸೆಡ್ರಿಕ್, ಬ್ರಿಡ್ಜ್‌ನಾರ್ತ್ ಇಳಿಜಾರಲ್ಲಿ ನಾನು ‘ಏನೋ ಕುಣೀತಿದೆ’ ಅಂದಾಗ ನೀನು ನನಗೇನಂದೆ?”

ಪಾನ್ಸ್‌ಫರ್ಡ್ ಕೈಗವಸಿನ ಗುಂಡಿ ಹಾಕಿಕೊಂಡ.

“‘ನಿನಗೇನು ಗೊತ್ತು’ ಅಂದೆ,” ಎಂದಳು ಅವಳೇ.

ಹಿಲ್ಡಾಗೆ ನಗು ಬಂತು, ನಗಲಿಲ್ಲ. ಒಳಗಿನಿಂದ ಹಾಳೆ, ಪೆನ್ನು ತಂದು ಬಾನೆಟ್ಟಿನ ಮೇಲಿಡಹೋಗಿ, ಅವನ ಮುಖ ನೋಡಿ, ಎಣ್ಣೆ ಡ್ರಮ್ಮಿನ ಮೇಲಿಟ್ಟಳು. “ಸಂಘಕ್ಕೆ ಇನ್ನೊಂದು ಕಾಗದ ಬರೀರಿ. ಅಷ್ಟು ಸಾಕು, ಇವತ್ತಿನ ಕೂಲಿ ಬೇಡ.”

ಅವನು ಬಹಳ ಹೊತ್ತು ಯೋಚಿಸಿ ಬರೆದ: ‘ದೋಷ ಪತ್ತೆಯಾಗಿದೆ. ದೂರನ್ನು ಕೈಬಿಡಬಹುದು.’

“ಯಾರ ದೋಷ ಅಂತ ಇದ್ರಲ್ಲಿ ಇಲ್ವಲ್ಲ?”

“ಅದೆಲ್ಲ ವಿವರ ಯಾಕೆ?”

ಏವಿಸ್ ಕಾರಿನಿಂದ ಇಳಿದು ಬಂದು ಪೆನ್ನು ಕಿತ್ತುಕೊಂಡಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ‘ಬ್ರೇಕುಗಳು ಸರಿಯಾಗಿವೆ. ಚಕ್ರ ಸಡಿಲ ಮಾಡಿದ್ದು ನನ್ನ ಗಂಡ. ನಾನು ಸಾಕ್ಷಿ.’ ಸಹಿ ಹಾಕಿ, ಹಾಳೆಯನ್ನು ಹಿಲ್ಡಾಳ ಕೈಗೆ ಕೊಟ್ಟು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಪಾನ್ಸ್‌ಫರ್ಡ್ ನಾಲ್ಕು ಹಬ್ಬು, ನಾಲ್ಕು ಚಕ್ರ ಹೊಸದಾಗಿ ಕೊಳ್ಳಬೇಕಾಯಿತು. ಆ ವರ್ಷದ ಪ್ರದರ್ಶನ ತಪ್ಪಿತು. ಹಿಲ್ಡಾಳ ಹೆಸರು ಪಟ್ಟಿಯಲ್ಲಿ ಉಳಿಯಿತು. ಅವನು ಮತ್ತೆ ಅವಳ ಶೆಡ್ಡಿಗೆ ಬರಲಿಲ್ಲ.