ಕೆಂಡ ಕಾದವಳು

ಡೆಲಿಯಾ ಕಿಟಕಿಯ ಸಂದಿಗೆ ಚಾಕು ತುರುಕಿ ಮೀಟಿದಳು. ಚೌಕಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅತ್ತಿಗೆಯ ಎದೆಗೆ ತಣ್ಣನೆ ಗಾಳಿ ಹೊಡೆಯದಿರಲಿ ಎಂದು ಪ್ರತಿ ಚಳಿಗಾಲಕ್ಕೂ ಅವಳೇ ಸಂದಿಗೆ ಹಳೇ ಬಟ್ಟೆ ತುರುಕಿ, ಮೇಲೆ ಬಣ್ಣ ಬಳಿಯುತ್ತ ಬಂದಿದ್ದಳು.

"ಬಿಡೇ, ಗಾಜು ಒಡೆದೀತು," ಎಂದ ಅಣ್ಣ ಕೋಲ್ಮನ್.

ಅವನ ಬೆನ್ನ ಹಿಂದೆ, ಮಂಚದ ಪಕ್ಕದ ಪೆಟ್ಟಿಗೆಯಲ್ಲಿ, ಅವನ ಹೆಂಡತಿ ಸಬೀನಾ ಜಪಮಾಲೆ ಸುತ್ತಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. ಸತ್ತದ್ದು ನಿನ್ನೆ ಬೆಳಗ್ಗೆ.

"ಬಿಡೋದು ಹೇಗೆ? ಪ್ರಾಣ ಹೋದ ತಕ್ಷಣ ಕಿಟಕಿ ತೆಗೀಬೇಕಿತ್ತು. ಈಗ ಅವಳು ಎಲ್ಲಿಂದ ಹೋಗ್ತಾಳೆ?"

"ಬಾಗಿಲಿದೆಯಲ್ಲ."

"ಬಾಗಿಲು ಬದುಕಿರೋರಿಗೆ."

ಡೆಲಿಯಾ ಚಾಕುವನ್ನು ಸೊಂಟಕ್ಕೆ ಕಟ್ಟಿದ ಸೆರಗಂಗಿಯ ಜೇಬಿಗಿಳಿಸಿ ಅಡುಗೆಮನೆಗೆ ಬಂದಳು.

ಅಲ್ಲಿ ಊರಿಗೆ ಊರೇ ಕೂತಿತ್ತು. ಸಾವಿನ ಮನೆಯಲ್ಲಿ ಬಂದವರಿಗೆಲ್ಲ ತಂಬಾಕು ಇಡಬೇಕು. ತಟ್ಟೆಯಲ್ಲಿ ಕತ್ತರಿಸಿಟ್ಟ ತಂಬಾಕು, ಮಣ್ಣಿನ ಚಿಲುಮೆಗಳು. ಅದರ ಹೊಗೆಗೆ ಒಲೆಯ ಹೊಗೆ ಸೇರಿತ್ತು. ಜೌಗುನೆಲದಿಂದ ಕಡಿದು ಒಣಗಿಸಿದ ಕರಿಹೆಂಟೆಗಳು ಒಲೆಯಲ್ಲಿ ನಿಧಾನಕ್ಕೆ ಕೆಂಪಗೆ ಉರಿಯುತ್ತಿದ್ದವು. ಎದುರಿಗೆ ಕೂತವರ ಮುಖ ಮಸುಕು ಮಸುಕಾಗಿತ್ತು.

"ಪಾಪ, ಇಷ್ಟು ಹೊಗೇಲಿ ಸಬೀನಾ ತನ್ನ ಸಾವಿನ ಮನೇಲೂ ಅರೆಗಳಿಗೆ ಕೂತಿರ್ತಿರಲಿಲ್ಲ," ಎಂದ ಪಕ್ಕದ ಮನೆಯ ಫೆಸ್ಟಿ, ಚಿಲುಮೆ ಜಗ್ಗುತ್ತ.

"ಹಂಗಂತ ನೀನೇನೂ ಸೇದೋದು ಬಿಟ್ಟಿಲ್ಲವಲ್ಲ," ಎಂದಳು ಅವನ ಹೆಂಡತಿ.

"ಬಿಟ್ರೆ ಸತ್ತೋರಿಗೆ ಅವಮಾನ ಕಣೇ."

ಒಂದಿಬ್ಬರು ನಕ್ಕರು. ಸಬೀನಾಳ ಮಗಳು ಉನಾ ಮಾತ್ರ ನಗಲಿಲ್ಲ. ಅವಳು ಒಲೆಯ ಪಕ್ಕದ ಮರದ ಬೆಂಚಿನ ಮೇಲೆ ಮಲಗಿದ್ದ ತನ್ನ ಮಗು ರೋಶೀನಳಿಗೆ ಶಾಲು ಹೊದೆಸುತ್ತಿದ್ದಳು.

ಕೋಲ್ಮನ್ ಒಳಗಿನಿಂದ ಬಂದು ಮಂಡಿಯೂರಿದ. ಎಲ್ಲರೂ ಮಂಡಿಯೂರಿ ಜಪ ಹಿಡಿದರು. ಒಂದು ಪ್ರಾರ್ಥನೆ ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಮೌನದಲ್ಲಿ ಅದು ಕೇಳಿಸಿತು.

ಸುಂಯ್... ಎಂದು ಸಣ್ಣಗೆ, ಕೊನೆಗೆ ಬಂದು ಮುರಿಯುವ ಸೀಟಿ.

ಆ ಊರಲ್ಲಿ ಆ ಸದ್ದು ಗೊತ್ತಿಲ್ಲದವರಿಲ್ಲ. ಚರ್ಚಿನ ಪೂಜೆಗೆ ಹೋದಾಗ ಹಿಂದಿನ ಸಾಲಿನಲ್ಲಿ ಸಬೀನಾ ಕೂತಿದ್ದಾಳೆಂದು ತಿರುಗಿ ನೋಡದೆಯೂ ಹೇಳುತ್ತಿದ್ದರು. ಫೆಸ್ಟಿಯ ಬಾಯಿಂದ ಚಿಲುಮೆ ಜಾರಿ ಕಲ್ಲುಹಾಸಿನ ಮೇಲೆ ಎರಡಾಯಿತು. ಎಲ್ಲರೂ ಒಳಕೋಣೆಯ ಬಾಗಿಲ ಕಡೆ ನೋಡಿದರು.

"ಕಿಟಕಿ ತೆಗೆದಿರಾ?" ಯಾರೋ ಪಿಸುಗುಟ್ಟಿದರು.

ಡೆಲಿಯಾಳ ಕೈ ಜೇಬಿನ ಚಾಕುವಿಗೆ ಹೋಯಿತು.

*

ಆ ಒಲೆಯಲ್ಲಿದ್ದದ್ದು ಡೆಲಿಯಾಳ ಅಜ್ಜಿ ಮದುವೆಯಾಗಿ ಬರುವಾಗ ತವರಿನ ಒಲೆಯಿಂದ ಕಬ್ಬಿಣದ ಮಡಕೆಯಲ್ಲಿ ತಂದ ಕೆಂಡ. ಅಂದಿನಿಂದ ಆರಿಲ್ಲ. ದಿನವೂ ಮಲಗುವ ಮೊದಲು ಡೆಲಿಯಾ ಕೆಂಡಕ್ಕೆ ಬೂದಿ ಹೊದೆಸಿ, ದೇವಮಾತೆಯ ಹೆಸರು ಹೇಳಿ, ಬೆಳಗ್ಗೆ ಕೆದಕಿ ಎಬ್ಬಿಸುತ್ತಿದ್ದಳು. ಬೆಂಕಿ ಆರಿದ ಮನೆಯಿಂದ ಹೆಣ ಹೊರಡುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಮದುವೆಯಾಗದೆ ಉಳಿದ ಡೆಲಿಯಾಳಿಗೆ ಆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ.

ಒಮ್ಮೆ ಸರ್ಕಾರಿ ನರ್ಸು ಸೈಕಲ್ಲಿನಲ್ಲಿ ಬಂದು, ಸಬೀನಾಳ ಬೆನ್ನಿಗೆ ಕಿವಿಯಿಟ್ಟು ಕೇಳಿ, ಒಲೆಯ ಕಡೆ ನೋಡಿದ್ದಳು.

"ಇದನ್ನ ಆರಿಸಿ. ಕೊಳವೆ ಇರೋ ಮುಚ್ಚಿದ ಒಲೆ ಹಾಕಿಸಿ. ಕಿಟಕಿ ತೆಗೀರಿ. ನಾನು ಕೊಡೋ ಔಷಧಿ ಪಂಪು ಉಬ್ಬಸ ಬಂದಾಗ ಸುಧಾರಿಸತ್ತೆ ಅಷ್ಟೆ, ಬರೋದನ್ನ ತಡೆಯಲ್ಲ."

"ನಮ್ಮಮ್ಮ ಇದೇ ಹೊಗೇಲಿ ತೊಂಬತ್ತು ವರ್ಷ ಬದುಕಿದ್ಲು," ಎಂದಿದ್ದಳು ಡೆಲಿಯಾ.

"ಅವರ ಎದೆ ಅವರದು. ಇವರದು ಇವರದು."

ನರ್ಸು ಹೋದ ಮೇಲೆ ಸಬೀನಾ ಒಲೆ ಆರಿಸು ಎಂದು ಕೇಳಲಿಲ್ಲ, ಡೆಲಿಯಾಳ ಮುಖ ನೋಡಿದಳಷ್ಟೆ. ಮಳೆಗಾಲದಲ್ಲಿ ಜೌಗಿನ ದಾರಿ ಮುಳುಗಿದರೆ ಪೇಟೆಯ ಔಷಧಿ ಬರುತ್ತಿರಲಿಲ್ಲ. ಹಾಗಾಗಿ ಪಂಪನ್ನು ಉಳಿಸಿ ಉಳಿಸಿ ಬಳಸುತ್ತಿದ್ದಳು. ಉಬ್ಬಸ ಹೆಚ್ಚಾದರೆ ಹೊರಗೆ ಹೋಗಿ ಗೋಡೆಯ ಮರೆಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಬಂದವರ ಜೊತೆ ಒಲೆ ಮುಂದೆ ಕೂರಲಾರದ ಜಂಬಗಾತಿ ಎಂದು ಊರು ಆಡಿಕೊಂಡಿತು. ಡೆಲಿಯಾ ಅದನ್ನು ಅಲ್ಲವೆನ್ನಲಿಲ್ಲ.

*

ಸೀಟಿ ಮತ್ತೆ ಕೇಳಿಸಿತು. ಈ ಸಲ ಉನಾ ಬೆಂಚಿನತ್ತ ಬಾಗಿ ಶಾಲು ಸರಿಸಿದಳು. ರೋಶೀನಳ ಕೊರಳ ಗುಳಿ ಒಳಕ್ಕೆ ಸೆಳೆದು ಸೆಳೆದು ಬಿಡುತ್ತಿತ್ತು.

"ಅಮ್ಮ ಅಲ್ಲ," ಎಂದಳು ಉನಾ. "ನನ್ನ ಮಗಳು."

ಯಾರೋ ಉಸ್ಸೆಂದರು. ಉನಾ ತಾಯಿಯ ಪಂಪನ್ನು ತಂದು ಮಗುವಿನ ಬಾಯಿಗೆ ಹಿಡಿದು ಒತ್ತಿದಳು. ಮಗು ಎಳೆದುಕೊಂಡಿತು. ನಿಧಾನವಾಗಿ ಕೊರಳ ಗುಳಿ ಸಡಿಲಾಯಿತು. ಉನಾ ಪಂಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಒಳಗೆ ಏನೂ ಕುಲುಕಲಿಲ್ಲ.

ಅವಳು ತಲೆಯೆತ್ತಿ ಡೆಲಿಯಾಳನ್ನು ನೋಡಿದಳು. ಸಬೀನಾ ನೋಡುತ್ತಿದ್ದದ್ದೂ ಹೀಗೆಯೇ.

ಪೆಟ್ಟಿಗೆ ಎತ್ತುವ ಹೊತ್ತಾಗಿತ್ತು. "ನೀವು ಸ್ಮಶಾನಕ್ಕೆ ನಡೀರಿ," ಎಂದಳು ಡೆಲಿಯಾ. "ಮನೆ ಬರಿದು ಬಿಡೋ ಹಾಗಿಲ್ಲ. ಮಗು ನನ್ನ ಹತ್ರ ಇರಲಿ."

"ಇಲ್ಲೇ?" ಎಂದಳು ಉನಾ.

"ಹೊರಗೆ. ನಿಮ್ಮಮ್ಮನ ಕಲ್ಲಿನ ಮೇಲೆ."

ಉನಾ ಮಗುವನ್ನು ಅವಳ ಕೈಗಿಟ್ಟಳು.

ಗಂಡಸರು ಪೆಟ್ಟಿಗೆ ಹೆಗಲಿಗೇರಿಸಿ ಗುಡ್ಡದ ಸ್ಮಶಾನದ ದಾರಿ ಹಿಡಿದರು. ಡೆಲಿಯಾ ಮಗುವಿಗೆ ಎರಡು ಶಾಲು ಸುತ್ತಿ ಕಲ್ಲಿನ ಮೇಲೆ ಕೂರಿಸಿದಳು. ಆಮೇಲೆ ಒಳಗೆ ಬಂದು ಇಕ್ಕಳ ತೆಗೆದುಕೊಂಡಳು.

ಒಂದೊಂದೇ ಕೆಂಡವನ್ನು ಅಜ್ಜಿಯ ಮಡಕೆಗೆ ತುಂಬಿ, ಗಾಳಿಯ ಇಳಿಬದಿಗೆ ಒಯ್ದು ಒದ್ದೆ ನೆಲದ ಮೇಲೆ ಸುರಿದು ನೀರು ಹೊಯ್ದಳು. ಚುರ್ ಎಂದಿತು.

"ಎಲ್ಲಿಗೆ ಕಳಿಸ್ತಿದೀಯ ಅಜ್ಜಿ, ಬೆಂಕೀನ?" ಕಲ್ಲಿನ ಮೇಲಿಂದ ರೋಶೀನ್ ಕೇಳಿದಳು.

"ಅದಕ್ಕೂ ವಯಸ್ಸಾಯ್ತು ಕಣಮ್ಮ."

ಕೊನೆಯ ಕೆಂಡ ಹೊರಗೆ ಹೋದ ಮೇಲೆ ಡೆಲಿಯಾ ಒಲೆಗಲ್ಲಿನ ಮೇಲೆ ಅಂಗೈ ಇಟ್ಟಳು. ಇನ್ನೂ ಬೆಚ್ಚಗಿತ್ತು. ನೋಡುತ್ತಿದ್ದಂತೆ ಆರುತ್ತ ಬಂತು.

ಅವಳು ಆ ತೆರೆಯದ ಕಿಟಕಿಯ ಹತ್ತಿರ ಹೋದಳು. ದೂರದ ಗುಡ್ಡದ ಏರಿನಲ್ಲಿ ಕಪ್ಪು ಸಾಲು ಹತ್ತುತ್ತಿತ್ತು. ಅದರಲ್ಲಿ ಒಬ್ಬರು ಹಿಂತಿರುಗಿದರು. ಮತ್ತೊಬ್ಬರು. ಆಮೇಲೆ ಇಡೀ ಸಾಲು ನಿಂತಿತು. ಪೆಟ್ಟಿಗೆ ಹೆಗಲ ಮೇಲಿದ್ದಂತೆಯೇ ಎಲ್ಲ ಮುಖಗಳೂ ಸೂರಿನ ಮೇಲಿನ ಹೊಗೆಯಿಲ್ಲದ ಚಿಮಣಿಯತ್ತ ತಿರುಗಿದ್ದವು.

ಡೆಲಿಯಾಳ ಬೆನ್ನ ಹಿಂದೆ, ಖಾಲಿ ಮನೆಯಲ್ಲಿ, ಒಂದು ಉಸಿರು ಎದ್ದಿತು. ಅದರಲ್ಲಿ ಸೀಟಿಯಿರಲಿಲ್ಲ. ಉದ್ದಕ್ಕೆ, ಎಲ್ಲೂ ಮುರಿಯದೆ, ಅವಳ ಸೆರಗಂಗಿಯ ಅಂಚನ್ನು ಒಲೆಯ ಕಡೆಗೆ ಎಳೆದು, ತಣ್ಣಗಾದ ಚಿಮಣಿಯೊಳಗೆ ಮೇಲಕ್ಕೆ ಏರುತ್ತ ಹೋಯಿತು. ಅವಳು ತಿರುಗಿ ನೋಡಲಿಲ್ಲ. ಅದು ಪೂರ್ತಿ ಹೋಗಲೆಂದು, ತನ್ನ ಉಸಿರು ಹಿಡಿದು ನಿಂತಳು.