ಇಪ್ಪತ್ತೊಂದನೇ ಪಾರಾ

ದಸ್ತಗೀರ್ ಪುಟ ತಿರುಗಿಸಿದ. ಪಕ್ಕದಲ್ಲಿದ್ದ ಮುದುಕ ತನ್ನ ಪುಟ ತಿರುಗಿಸಿ ಅರೆಗಳಿಗೆಯಾಗಿತ್ತು. ಆತನಿಗಿಂತ ಮುಂದೆ ಹೋಗಬಾರದು, ತೀರಾ ಹಿಂದೆ ಬೀಳಲೂ ಬಾರದು. ತುಟಿ ಅಲ್ಲಾಡುತ್ತಲೇ ಇರಬೇಕು. ಆಗಾಗ ಬೆರಳು ಸಾಲಿನ ಕೆಳಗೆ ಬಲದಿಂದ ಎಡಕ್ಕೆ ಹರಿಯಬೇಕು. ದಸ್ತಗೀರ್ ನಲವತ್ತಾರು ವರ್ಷದ ಗಂಡಸು. ಕುವೆಂಪುನಗರದಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟವನು, ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವವನು. ಈ ಕೆಲಸದಲ್ಲೂ ಅವನು ಪಳಗಿದವನೇ. ಅರಬ್ಬಿಯ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ.

ನಡುಮನೆಯ ಆ ತುದಿಯಲ್ಲಿ ಅವನ ಅಪ್ಪ ಬುಡನ್ ಸಾಬರ ದೇಹ ಮಲಗಿತ್ತು. ಗಲ್ಲದವರೆಗೆ ಬಿಳಿ ಬಟ್ಟೆ. ಎಡಗಣ್ಣಿನ ರೆಪ್ಪೆ ಎಷ್ಟು ಸಲ ಸವರಿ ಮುಚ್ಚಿದರೂ ಕೂದಲೆಳೆಯಷ್ಟು ತೆರೆದುಕೊಳ್ಳುತ್ತಿತ್ತು.

ಆ ಮೊಹಲ್ಲಾದಲ್ಲಿ ಯಾರು ಸತ್ತರೂ ಮಸೀದಿಯಿಂದ ಒಂದು ತಗಡಿನ ಪೆಟ್ಟಿಗೆ ಬರುತ್ತದೆ. ಕುರಾನನ್ನು ಮೂವತ್ತು ಪಾಲು ಮಾಡಿ ಕಟ್ಟಿದ ಮೂವತ್ತು ತೆಳು ಪುಸ್ತಕ ಅದರೊಳಗಿರುತ್ತವೆ. ಒಂದೊಂದಕ್ಕೂ ಪಾರಾ ಎನ್ನುತ್ತಾರೆ. ಬಂದವರು ಒಂದೊಂದು ಎತ್ತಿಕೊಂಡು ಓದುತ್ತಾರೆ. ಮೂವತ್ತೂ ಮುಗಿದರೆ ಇಡೀ ಕುರಾನ್ ಸತ್ತವನ ದಾರಿಗೆ ಬುತ್ತಿಯಾಯಿತು ಎಂದು ನಂಬಿಕೆ. ಮಗನ ಕೈಗೆ ಬಂದಿದ್ದು ಇಪ್ಪತ್ತೊಂದನೆಯದು.

ಮಸೀದಿಯಲ್ಲಿ ನಮಾಜ್ ಮಾಡಿಸುವ ಹಜರತ್ ಪೆಟ್ಟಿಗೆಯ ಮುಂದೆ ಕೂತು ಎಣಿಸುತ್ತಿದ್ದರು. ಮೂವತ್ತು ದಾಟದ ಹುಡುಗು ಮುಖ, ಮೆಲು ದನಿ.

"ಒಳಗೆ ಹೆಂಗಸರಿಂದ ಹನ್ನೊಂದು ಬಂತು. ಇಲ್ಲಿ ಹದಿನೆಂಟು. ಇಪ್ಪತ್ತೊಂದು ಯಾರ ಹತ್ರ ಇದೆ?"

"ನನ್ನ ಹತ್ರ." ದಸ್ತಗೀರ್ ಪುಸ್ತಕ ಮುಚ್ಚಿ, ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದ. "ಮುಗೀತು."

ಹಜರತ್ ಕೈಯೆತ್ತಿ ಸತ್ತವರಿಗಾಗಿ ದುವಾ ಬೇಡಿದರು. ಎಲ್ಲರೂ ಆಮೀನ್ ಎಂದರು. ಆ ದನಿ ಇಳಿಯುವುದರೊಳಗೆ ಒಬ್ಬನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಖಬರಸ್ತಾನದಿಂದ. ತೋಡಿದ್ದ ಗುಂಡಿಯ ಒಂದು ಮಗ್ಗುಲು ಪೂರಾ ಕುಸಿದುಬಿದ್ದಿತ್ತು.

ಕೆಲವರು ಆ ಅರೆತೆರೆದ ಕಣ್ಣಿನ ಕಡೆ ನೋಡಿದರು. ಹಿಂದಿನಿಂದ ಒಬ್ಬರು, "ಒಳ್ಳೇ ಗುರುತಲ್ಲ" ಎಂದರು.

"ಯಾರ್ರೀ ಅದು ಗುರುತು ಅಂದೋರು?" ದಸ್ತಗೀರ್ ಎದ್ದು ನಿಂತ. "ಮೂರು ದಿನದಿಂದ ಮಳೆ ಹೊಡೀತಾ ಇದೆ. ಮಣ್ಣು ಕುಸೀದೆ ಇನ್ನೇನು ಕಾಂಕ್ರೀಟ್ ಆಗುತ್ತಾ? ಬಂದಿದ್ದೀರಾ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!"

ಬೈದವನು ಹೊರಗೆ ಬಂದು ಅಂಗೈ ನೋಡಿಕೊಂಡ. ಬೆವರಿಗೆ ಪುಸ್ತಕದ ರಟ್ಟಿನ ಹಸಿರು ಬಣ್ಣ ಹತ್ತಿತ್ತು.

*

ಒಂಬತ್ತನೇ ವಯಸ್ಸಿನಲ್ಲಿ ಅವನು ಓದುವುದನ್ನು ಬಿಟ್ಟಿದ್ದ. ಒಂದೇ ಥರ ಕಾಣುವ ಎರಡು ಅಕ್ಷರ ಅದಲುಬದಲು ಮಾಡಿದ್ದಕ್ಕೆ ಅರಬ್ಬಿ ಕಲಿಸುವ ಉಸ್ತಾದ್ ಹುಣಸೆ ಬರಲಿನಿಂದ ಬಾರಿಸಿದ್ದರು. ಇವನು ಬರಲು ಕಿತ್ತುಕೊಂಡು, ಮುರಿದು, ಅವರ ಮುಂದೆಯೇ ಎಸೆದು ಓಡಿಬಂದ. ಮನೆಯಲ್ಲಿ ಹೇಳಲಿಲ್ಲ. ದಿನಾ ಸಂಜೆ ಟೋಪಿ ಹಾಕಿಕೊಂಡು ಹೊರಡುವುದು, ಸೈಕಲ್ ಶಾಪಿನಲ್ಲಿ ಕೂರುವುದು, ಹೊತ್ತಿಗೆ ಸರಿಯಾಗಿ ಬರುವುದು.

"ಎಲ್ಲಿಗೆ ಬಂತು ಓದು?" ಎಂದು ಅಪ್ಪ ಕೇಳುತ್ತಿದ್ದರು.

"ಮುಂದೆ ಹೋಗ್ತಿದೆ ಅಬ್ಬಾ."

ಇಪ್ಪತ್ತಾರರಲ್ಲಿ ಅಮ್ಮ ತೀರಿಹೋದಳು. ಪೆಟ್ಟಿಗೆ ಬಂತು. ಒಬ್ಬನೇ ಮಗ ಕೈಚಾಚದೆ ಇರಲಾದೀತೇ? ಮೊಹಲ್ಲಾ ಎಲ್ಲ ನೋಡುತ್ತಿತ್ತು. ಅವನೂ ಒಂದು ಪುಸ್ತಕ ಎತ್ತಿಕೊಂಡ, ಪಕ್ಕದವರ ತುಟಿ ನೋಡಿದ, ಕಲಿತ. ಅಂದಿನಿಂದ ಎಷ್ಟು ಸಾವಿನ ಮನೆಗಳಲ್ಲಿ ಹಾಗೆ ಕೂತು ಎದ್ದನೋ, ಅವನಿಗೇ ಲೆಕ್ಕವಿರಲಿಲ್ಲ.

*

ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಅದರ ಹೊಟ್ಟೆಯಲ್ಲಿ ನಿಂತ ಮಳೆನೀರು ಯಾವ ಗಳಿಗೆಯಲ್ಲಾದರೂ ತಲೆಯ ಮೇಲೆ ಸುರಿಯುವಂತಿತ್ತು. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೀರಯ್ಯ ಒಬ್ಬನೇ ಕೂತಿದ್ದ. ಬುಡನ್ ಸಾಬರ ಜೊತೆ ಮೂವತ್ತು ವರ್ಷ ರಸ್ತೆ ಗ್ಯಾಂಗಿನಲ್ಲಿ ದುಡಿದವನು. ಈಗ ವಿಜಯನಗರದಲ್ಲಿ ಮಗಳು ಸೌಮ್ಯಳ ಮನೆಯಲ್ಲಿದ್ದಾನೆ. ವಾರಕ್ಕೆರಡು ಸಲ ಎರಡು ಬಸ್ಸು ಬದಲಾಯಿಸಿ ಗೆಳೆಯನ ಜಗಲಿಗೆ ಬರುವುದನ್ನು ಮೊನ್ನೆಯವರೆಗೂ ತಪ್ಪಿಸಿರಲಿಲ್ಲ.

"ಎಷ್ಟೊತ್ತಿಗ್ಲಾ ಎತ್ತಾದು?"

"ಮಧ್ಯಾಹ್ನದ ನಮಾಜ್ ಆದ್ಮೇಲೆ, ಬೀರಣ್ಣ."

"ಟೀ ಕುಡುದ್ಯಾ?"

"ಗಂಟಲಲ್ಲಿ ಇಳೀತಿಲ್ಲ."

"ಇಳೀದಿದ್ರೆ ನೂಕು. ನನ್ನೆಂಡ್ರು ಸತ್ತಾಗ ನಿಮ್ಮಪ್ಪ ನನ್ ಮೂಗಿಡ್ದು ಕುಡ್ಸಿದ್ದ, ಗೊತ್ತಾ? ಸಾಬ್ರ ಟೀ ಕುಡ್ಕಂಡು ಹೆಣ ಎತ್ದ ಅಂತ ನಮ್ಮೂರ್ ತುಂಬ ಆಡ್ಕಂಡ್ರು." ನಗಲು ಹೋದ, ಆಗಲಿಲ್ಲ. ಆಮೇಲೆ ಕೇಳಿದ: "ನೀನು ಎಷ್ಟನೇದು ಎತ್ಕಂಡಿದ್ದೆ?"

"ಇಪ್ಪತ್ತೊಂದು."

ಬೀರಯ್ಯ ನೆಲ ನೋಡಿದ. "ಅಂಗಾರೆ ಅದುನ್ನ ಇನ್ ಯಾರು ಓದ್ತಾರೆ?"

"ಏನಂದ್ರಿ?"

"ಸಿಟ್ಟಾಗ್ಬ್ಯಾಡ ಕಣ್ ಮಗ. ನಿಂಗೆ ಓದಾಕ್ ಬರಲ್ಲ ಅನ್ನಾದು ನಿಮ್ಮಪ್ಪಂಗೆ ಗೊತ್ತಿತ್ತು. ನಿಮ್ಮವ್ವ ಸತ್ತ ದಿನ್ವೇ ಗೊತ್ತಾಗೋಯ್ತು. ಯಾವ್ ಸಾವಿನ್ ಮನೇಲಿ ನೀನು ಎಷ್ಟನೇದು ಎತ್ಕಂಡೆ ಅಂತ ನೋಡ್ಕಂಡು ಬರಾನು. ಮನೇಗ್ ಬಂದು ಕೈಕಾಲ್ ತೊಳ್ಕಂಡು ಅದುನ್ನ ತಾನು ಓದಾನು. 'ನನ್ ಮಗ ಒಂದು ಖಾಲಿ ಬುಟ್ಟು ಬಂದವ್ನೆ ಬೀರಾ, ಸತ್ತೋರ್ಗೆ ದಾರೀಲಿ ಸಾಲ್ದೆ ಹೋದಾತು' ಅನ್ನಾನು. ಇಪ್ಪತ್ತು ವರ್ಸ ಬುಡ್ದಂಗೆ ಓದ್ದ."

ದಸ್ತಗೀರ್ ಶಾಮಿಯಾನದ ಗಳ ಹಿಡಿದುಕೊಂಡ. "ನನ್ನ ಕೆನ್ನೆಗೆ ಎರಡು ಬಿಟ್ಟು ಕೇಳಬಹುದಿತ್ತಲ್ಲ?"

"ಯಾವ್ ಮೊಕ ಇಟ್ಕಂಡು ಕೇಳಾನು? ತಾನೇ ಅಂಥದ್ದು ಮಾಡಿದ್ನಲ್ಲ."

*

ಬುಡನ್ ಸಾಬರ ಕೆಲಸ ಮೈಲಿಗಲ್ಲಿಗೆ ಬಣ್ಣ ಬಳಿಯುವುದು. ಅರಬ್ಬಿ ಓದಲು ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಕನ್ನಡ ಮಾತಾಡಲು ಬರುತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಹಳೆಯ ಅಕ್ಷರದ ಗೆರೆಯ ಮೇಲೇ ಕುಂಚ ಎಳೆಯುತ್ತಿದ್ದರು. ಎಷ್ಟು ಚೆಂದ ಎಳೆಯುತ್ತಿದ್ದರೆಂದರೆ ಅವರಿಗೆ ಓದು ಬಾರದೆಂದು ಮೇಸ್ತ್ರಿಗೂ ತಿಳಿದಿರಲಿಲ್ಲ.

ನರಸೀಪುರದ ರಸ್ತೆಯಲ್ಲಿ ದಾರಿ ಕವಲೊಡೆಯುವ ಕಡೆ ಒಂದು ಕಲ್ಲಿನ ಬಣ್ಣ ಪೂರಾ ಅಳಿಸಿಹೋಗಿತ್ತು. ಈ ಗುಟ್ಟು ಗೊತ್ತಿದ್ದ, ಅಕ್ಷರ ಬಲ್ಲ ಬೀರಯ್ಯ ಅಂದು ರಜೆಯಲ್ಲಿದ್ದ. ಬೇರೆಯವರನ್ನು ಕೇಳಲು ನಾಚಿಕೆಯಾಗಿ ಬುಡನ್ ಸಾಬರು ಹಿಂದಿನ ಕಲ್ಲು ನೋಡಿಕೊಂಡು ಬಂದು, ಅದರಲ್ಲಿದ್ದ ಊರನ್ನೇ ಈ ಕಲ್ಲಿನ ಮೇಲೂ ಬರೆದರು. ಬಾಣದ ಗುರುತು ಎಡಕ್ಕೆ ಹಾಕಿದರು. ಅದು ಬಲಕ್ಕಿರಬೇಕಿತ್ತು.

ಎರಡು ದಿನ ಕಳೆದು ಮತ್ತೆ ಅದೇ ದಾರಿಯಲ್ಲಿ ಗ್ಯಾಂಗು ಬಂದಾಗ ಕಲ್ಲಿನ ಹತ್ತಿರ ಒಂದು ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಮುಖದ ಮೇಲೂ ಸೀರೆ ಮುಚ್ಚಿದ್ದ ಹೆಂಗಸಿನ ಹೆಣ. ತುಂಬಿದ ಹೊಟ್ಟೆ ಹಾಗೇ ಎದ್ದು ಕಾಣುತ್ತಿತ್ತು. ಹೊರಗಿನೂರಿನ ಡ್ರೈವರು, ಬಾಣ ನಂಬಿ, ಆಸ್ಪತ್ರೆಯಿದ್ದ ಊರು ಬಿಟ್ಟು ಹತ್ತು ಮೈಲಿ ಕೆಸರಿನಲ್ಲಿ ಹೋಗಿ ವಾಪಸ್ ಬಂದಿದ್ದ. ಗಂಡ ಕಲ್ಲಿಗೆ ಒರಗಿ ಕೂತಿದ್ದ. ಕುಂಚ ಹಿಡಿದಿದ್ದ ಬುಡನ್ ಸಾಬರನ್ನು ತಲೆಯೆತ್ತಿ ನೋಡಿ ಕೇಳಿದ:

"ಈ ಕಲ್ಲು ಬರ್ದೋನು ಯಾರಪ್ಪಾ?"

"ಗೊತ್ತಿಲ್ಲ" ಎಂದರು ಬುಡನ್ ಸಾಬರು.

ಆ ವಾರವೇ ಬೀರಯ್ಯನ ಮುಂದೆ ಕೂತು ಅ ಆ ತಿದ್ದತೊಡಗಿದರು. ಮೂವತ್ತೈದು ವರ್ಷದವರು, ಮೈಲಿಗಲ್ಲುಗಳ ಬೆನ್ನಿನ ಮೇಲೆ, ಸೀಮೆಸುಣ್ಣದಲ್ಲಿ. ನಿವೃತ್ತಿಯಾದ ಮೇಲೆ ಕನ್ನಡ ಅರ್ಥವಿರುವ ಕುರಾನ್ ತಂದರು. ಜಗಲಿಯಲ್ಲಿ ಕೂತು ಒಂದು ಸಾಲು ಅರಬ್ಬಿ, ಒಂದು ಸಾಲು ಕನ್ನಡ. ಕೇಳುವವನು ಬೀರಯ್ಯ.

"ಇದರ ಒಂದೊಂದು ಮಾತಿಗೂ ಆಯತ್ ಅಂತಾರೆ ಬೀರಾ. ಅಂದ್ರೆ ಗುರುತು. ಮಳೇನೂ ಆಯತ್ತೇ ಅಂತೆ. ಜೇನ್ನೊಣ, ಹಗಲು, ರಾತ್ರಿ, ಎಲ್ಲಾ. ನಿನ್ನ ಭಾಷೆ ಬೇರೆ, ನನ್ನ ಭಾಷೆ ಬೇರೆ ಇರೋದೂ ಗುರುತೇ ಅಂತ ಇಪ್ಪತ್ತೊಂದನೇ ಪಾರಾದಲ್ಲಿ ಬರೆದಿದೆ ನೋಡು. ಎಲ್ಲಾ ಕಡೆ ಕಲ್ಲು ನೆಟ್ಟಿದ್ದಾನೆ. ನಾನು ಐವತ್ತು ವರ್ಷ ಕಲ್ಲು ತಬ್ಬಿಕೊಂಡು ಮುತ್ತು ಕೊಡ್ತಾ ಕೂತಿದ್ದೆ, ಊರ ಕಡೆ ಹೆಜ್ಜೆ ಇಡಲೇ ಇಲ್ಲ."

"ಈಗ ಇಡು ಬುಡು, ಅದ್ಕೇನಂತೆ."

"ಹೆದರಿಕೆ ಆಗುತ್ತೆ ಕಣೋ. ನೋಡದೇ ಇದ್ದಾಗ ಅದು ಬರೀ ಕಲ್ಲು. ನೋಡಿ, ಓದಿ, ಆಮೇಲೂ ಸುಮ್ಮನೆ ಕೂತರೆ ಅದು ನಾಳೆ ನನ್ನ ಮೇಲೇ ಸಾಕ್ಷಿ ಹೇಳುತ್ತೆ."

*

ಮತ್ತೆ ಫೋನು ಬಂತು. ಎರಡನೇ ಕಡೆ ಅಗೆದಿದ್ದರು. ಮೊಣಕಾಲುದ್ದಕ್ಕೆ ನೀರು ಎದ್ದಿತ್ತು. ಈ ಸಲ ಯಾರೂ ಗುರುತು ಎನ್ನಲಿಲ್ಲ. ಎಲ್ಲರೂ ಸುಮ್ಮನಿದ್ದದ್ದೇ ದಸ್ತಗೀರನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಪೆಟ್ಟಿಗೆ ತೆಗೆದು ಇಪ್ಪತ್ತೊಂದನ್ನು ಹುಡುಕಿಕೊಂಡ. ಒಳಕೋಣೆಯ ಪರದೆಯ ಹತ್ತಿರ ನಿಂತು ಅಕ್ಕನನ್ನು ಕರೆದ. ಷಮೀಮ್ ಕಣ್ಣು ಒರೆಸಿಕೊಳ್ಳುತ್ತ ಬಂದಳು.

"ಆಪಾ, ಇದನ್ನ ಬೇಗ ಓದ್ಬಿಡು."

"ನೀನು ಓದಿದೀಯಲ್ಲ. ದುವಾನೂ ಆಯ್ತು."

"ಓದಿಲ್ಲ. ನಂಗೆ ಓದೋಕೆ ಬರಲ್ಲ."

ಷಮೀಮ್ ಅವನ ಮುಖವನ್ನೇ ನೋಡಿದಳು. "ಅಮ್ಮ ಹೋದ ದಿನಾನೂ?"

"ಹೂಂ. ಅದನ್ನ ಅಬ್ಬಾ ಓದಿದ್ರಂತೆ. ನನ್ನವೆಲ್ಲಾ ಅಬ್ಬಾನೇ ಓದಿದ್ರಂತೆ. ಇದೊಂದಕ್ಕೆ ಯಾರೂ ಇಲ್ಲ."

ಅವಳು ಪುಸ್ತಕ ತೆಗೆದುಕೊಂಡಳು. ಸವರಿದಳು. ಮತ್ತೆ ಅವನ ಕೈಗೇ ಇಟ್ಟಳು.

"ನಾನು ಓದಲ್ಲ."

"ಆಪಾ, ಗೋರಿ ನಿಲ್ತಾ ಇಲ್ಲ!"

"ಗೋರಿ ಮಳೆಗೆ ನಿಲ್ತಾ ಇಲ್ಲ. ನಿಂಗೇನಾಗಿದೆ? ಅಬ್ಬಾ ನಿನ್ನ ಪಾಲಿಂದು ಓದಿ ಓದಿ ನಿನ್ನ ಹಿಂಗೆ ಮಾಡಿಟ್ರು. ನಾನೂ ಓದ್ಬಿಟ್ರೆ, ನಾಳೆ ನನ್ನ ಮಯ್ಯತ್ತಿನ ಮುಂದೂ ತುಟಿ ಅಲ್ಲಾಡಿಸ್ಕೊಂಡು ಕೂತಿರ್ತೀಯ."

ಪರದೆ ಎಳೆದುಕೊಂಡಳು. ಹೊರಗೆ ಜನಾಜ ಎತ್ತಲು ಕರೆಯುತ್ತಿದ್ದರು. ದಸ್ತಗೀರ್ ಪುಸ್ತಕವನ್ನು ಎದೆಯ ಹತ್ತಿರ ಅಂಗಿಯೊಳಗೆ ಸೇರಿಸಿಕೊಂಡು ಹೆಗಲು ಕೊಟ್ಟ.

*

ಗೋಡೆಯ ಪಕ್ಕ ತೋಡಿದ ಮೂರನೇ ಗುಂಡಿ ಕುಸಿಯದೆ ನಿಂತಿತು. ಮಗನೇ ಇಳಿದು ಅಪ್ಪನ ತಲೆಯ ಕಡೆ ಹಿಡಿದುಕೊಂಡ. ಅಷ್ಟು ಸಣಕಲು ಮನುಷ್ಯ, ಒದ್ದೆ ಗೋಣಿಯಷ್ಟು ಭಾರವಾಗಿದ್ದರು. ಮುಖವನ್ನು ಪಡುವಣಕ್ಕೆ ತಿರುಗಿಸಿದ. ಮೇಲೆ ಚಪ್ಪಡಿ ಜೋಡಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತ ಅರಬ್ಬಿಯಲ್ಲಿ ಹೇಳುವುದನ್ನು ಹೇಳಿದರು. ದಸ್ತಗೀರನಿಗೆ ಅದು ಕೇಳಿ ಕೇಳಿ ಬಾಯಿಪಾಠವಾಗಿತ್ತು, ಅಷ್ಟೇ.

ಕೊನೆಯಲ್ಲಿ ಬೀರಯ್ಯ ಚಪ್ಪಲಿ ಬಿಟ್ಟು ಬಂದು ಮೂರು ಹಿಡಿ ಹಾಕಿದ. "ಇದ್ರಿಂದ್ಲೇ ಮಾಡ್ದೆ. ಇದ್ಕೇ ಕಳುಸ್ತೀನಿ. ಇದ್ರಿಂದ್ಲೇ ಇನ್ನೊಂದ್ ಸಲ ಎಬ್ಬುಸ್ತೀನಿ" ಎಂದ.

"ಏನದು ಬೀರಣ್ಣ?"

"ನೀನು ಈಗ ಅಂದ್ಯಲ್ಲ, ಅದೇ. ನಿಮ್ಮಪ್ಪ ಹೇಳ್ಕೊಟ್ಟಿದ್ದ."

ಮಣ್ಣು ಕೊಟ್ಟಾದ ಮೇಲೆ ಅಲ್ಲಿ ಯಾರೂ ನಿಲ್ಲುವಂತಿಲ್ಲ. ನಲವತ್ತು ಹೆಜ್ಜೆ ಆಚೆ ಹೋಗಿ, ತಿರುಗಿ ನಿಂತು, ಕೊನೆಯ ದುವಾ ಮಾಡಬೇಕು. ನಲವತ್ತನೇ ಹೆಜ್ಜೆಗೆ ಗೋರಿಯೊಳಗೆ ಲೆಕ್ಕ ಕೇಳುವ ಇಬ್ಬರು ದೇವದೂತರು ಬರುತ್ತಾರೆ, ಹೋಗುವವರ ಕಾಲಸಪ್ಪಳ ಸತ್ತವನಿಗೆ ಕೇಳುತ್ತಿರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹಜರತ್ ಮುಂದೆ, ಜನ ಹಿಂದೆ, ಕೆಸರಿನಲ್ಲಿ ಚಪ್ಪಲಿಗಳು ಚಪಚಪ ಎನ್ನುತ್ತ ದೂರವಾದವು. ಅವರು ತಿರುಗಿ ನಿಂತು ಕೈಯೆತ್ತಿದಾಗ ದಸ್ತಗೀರ್ ಇನ್ನೂ ಗೋರಿಯ ತಲೆಯ ಹತ್ತಿರವೇ ಇದ್ದ.

"ಬನ್ನಿ ದಸ್ತಗೀರ್ ಭಾಯ್!"

"ಮೂವತ್ತು ಆಗಿಲ್ಲ!" ಅವನ ದನಿ ಗೋಡೆಗೆ ಬಡಿಯಿತು. "ಇಪ್ಪತ್ತೊಂಬತ್ತೇ ಆಗಿರೋದು. ನಂಗೆ ಓದೋಕೆ ಬರಲ್ಲ. ಯಾರ ಮನೇಲೂ ಓದಿಲ್ಲ. ಇಸಾಕ್ ಭಾಯ್, ನಿಮ್ಮ ತಾಯಿ ಹೋದಾಗ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಬರೀ ಪುಟ ತಿರುಗಿಸಿದೆ."

"ಥೂ" ಎಂದಿತು ಒಂದು ಬಾಯಿ. "ನೀವು ದುವಾ ಶುರು ಮಾಡಿ ಹಜರತ್" ಎಂದಿತು ಇನ್ನೊಂದು.

ಹಜರತ್ ಎತ್ತಿದ ಕೈ ಇಳಿಸಿದರು. ಗೋರಿಯ ಕಡೆಗೆ ಹೆಜ್ಜೆ ಹಾಕಿದರು.

"ಹೋಗ್ಬೇಡಿ ಹಜರತ್! ಈಗ ಹೋಗೋ ಹೊತ್ತಲ್ಲ ಅದು!"

ಅವರು ನಿಲ್ಲಲಿಲ್ಲ. ಅವರ ಮುಖವೂ ಬಿಳುಚಿತ್ತು. ಬಂದವರೇ ಬಿಳಿ ಬಟ್ಟೆಯಲ್ಲೇ ಕೆಸರಿನಲ್ಲಿ ಕೂತರು.

"ತೆಗೀರಿ."

ದಸ್ತಗೀರ್ ಅಂಗಿಯೊಳಗಿನಿಂದ ತೆಗೆದು, ತೆರೆದು ಹಿಡಿದ. "ಎಷ್ಟೊತ್ತಾಗುತ್ತೆ?"

"ನಾನು ಓದಿದ್ರೆ ಮುಕ್ಕಾಲು ಗಂಟೆ. ನೀವು ಓದಿದ್ರೆ ಗೊತ್ತಿಲ್ಲ." ಹಜರತ್ ಮೊದಲ ಪದದ ಕೆಳಗೆ ಬೆರಳಿಟ್ಟರು. "ಉತ್ಲು."

"ಹಂಗಂದ್ರೆ?"

"ಓದು ಅಂತ."

ದಸ್ತಗೀರ್ ಬಾಯಿ ತೆರೆದ. ಹಜರತ್ ಮತ್ತೆ ಹೇಳಿದರು. ಅವನು ತೊದಲಿದ. ತಪ್ಪಾಯಿತು. "ಇನ್ನೊಂದ್ಸಲ" ಎಂದರು ಹಜರತ್. ಮತ್ತೆ ತಪ್ಪಾಯಿತು. ಮೂಡಣ ಕಪ್ಪಾಗಿ ಮಳೆಯ ಮೊದಲ ಹನಿಗಳು ಹಸಿ ಮಣ್ಣಿನ ಮೇಲೆ ತಟತಟ ಬಿದ್ದವು. ನಲವತ್ತು ಹೆಜ್ಜೆ ಆಚೆ, ಕೈಯೆತ್ತಿದವರು ಎತ್ತಿದಂತೆಯೇ ನಿಂತಿದ್ದರು. ಆಮೀನ್ ಎನ್ನಬೇಕೋ ಕೈ ಇಳಿಸಬೇಕೋ ಒಬ್ಬರಿಗೂ ತಿಳಿಯಲಿಲ್ಲ. ನೀರು ಅವರ ಬೊಗಸೆಗಳಲ್ಲಿ ತುಂಬಿ, ಮೊಣಕೈಯಿಂದ ಇಳಿಯತೊಡಗಿತು.